ಕಟ್ಟು ಬಸಿದು ಚೆಲ್ಲಿ: ಕಿಡ್ನಿ ಕಾಯಿಲೆಯವರ ಸೂಪು, ಸಾರಿನ ಲೆಕ್ಕ

ಕಳೆದ ದೀಪಾವಳಿ ಹೊತ್ತಿಗೆ ಸುರಪುರದ ನಮ್ಮ ದೊಡ್ಡಪ್ಪನ ಅಡುಗೆಮನೆ ಕಟ್ಟೆಯ ಮೇಲೆ ಆರು ತಗಡಿನ ಡಬ್ಬಿ ಸಾಲಾಗಿ ಕೂತಿದ್ದವು. ಟೊಮೆಟೊ ಸೂಪು. ಅಮೆರಿಕದಿಂದ ರಜೆಗೆ ಬಂದ ಮೊಮ್ಮಗಳು ಅಜ್ಜನಿಗೆಂದೇ ಹೊತ್ತು ತಂದದ್ದು. ದೊಡ್ಡಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಉಪ್ಪು ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದ್ದು ಹುಡುಗಿಗೆ ಗೊತ್ತಿತ್ತು. ಅದಕ್ಕೇ ಅಂಗಡಿಯಲ್ಲಿ ಹುಡುಕಿ 'ಲೋ ಸೋಡಿಯಂ' ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಡಬ್ಬಿಯನ್ನೇ ಆರಿಸಿದ್ದಳು. "ಅಜ್ಜಾ, ಇದ್ರಾಗ ಉಪ್ಪೇ ಇಲ್ಲ, ಆರಾಮ ಕುಡಿ" ಎಂದು ಬಿಸಿ ಮಾಡಿ ಬಟ್ಟಲಿಗೆ ಸುರಿದೂ ಕೊಟ್ಟಳು.

ನನಗೆ ಡಬ್ಬಿಯ ಹಿಂಬದಿ ಓದುವ ಚಟ. ದೊಡ್ಡಪ್ಪ ಪೇಪರ್ ಓದುವ ಭೂತಗನ್ನಡಿ ತಗೊಂಡು ಹಿಂದಿನ ಸಣ್ಣಕ್ಷರ ನೋಡಿದೆ. ಸೋಡಿಯಂ ನಿಜಕ್ಕೂ ಕಡಿಮೆ, ಒಂದು ಸರ್ವಿಂಗಿಗೆ ನೂರು ಮಿಲಿಗ್ರಾಮಿನೊಳಗೆ. ಎರಡು ಬೆರಳು ಕೆಳಗೆ ಇನ್ನೊಂದು ಸಾಲಿತ್ತು: ಪೊಟ್ಯಾಸಿಯಂ, ಆರುನೂರು ದಾಟಿತ್ತು. ಡಬ್ಬಿಯಲ್ಲಿ ಎರಡೂವರೆ ಸರ್ವಿಂಗ್. ಪೂರ್ತಿ ಡಬ್ಬಿ ಕುಡಿದರೆ ಒಂದೂವರೆ ಗ್ರಾಂ ಪೊಟ್ಯಾಸಿಯಂ. ಸಾಮಗ್ರಿಗಳ ಪಟ್ಟಿಯಲ್ಲಿ ಟೊಮೆಟೊ ಪೇಸ್ಟಿನ ನಂತರ ನಾಲ್ಕೈದು ಹೆಸರು ದಾಟಿ ಕೂತಿತ್ತು 'ಪೊಟ್ಯಾಸಿಯಂ ಕ್ಲೋರೈಡ್'.

"ಅದೇನು?" ಎಂದರು ದೊಡ್ಡಪ್ಪ.

"ಪೊಟ್ಯಾಷ್. ಎಂಒಪಿ."

ಮೂವತ್ತು ವರ್ಷ ಹತ್ತಿ ಬೆಳೆದ ಮನುಷ್ಯನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ಬಟ್ಟಲು ಕೆಳಗಿಟ್ಟರು. "ಹತ್ತಿಗಿ ಹಾಕೋದು ನನಗ ಹಾಕಾಕ ಹತ್ತೀರೇನು?"

ಡಬ್ಬಿಗೆ ಹಾಕುವುದು ಗೊಬ್ಬರದ ಚೀಲದಿಂದ ತೆಗೆದದ್ದಲ್ಲ, ಆಹಾರಕ್ಕೆಂದು ಶುದ್ಧ ಮಾಡಿದ್ದು. ಆದರೆ ಪದಾರ್ಥ ಒಂದೇ. ಉಪ್ಪು ತೆಗೆದರೆ ಸೂಪು ಸಪ್ಪೆಯಾಗುತ್ತದೆ. ಆ ಸಪ್ಪೆ ಮುಚ್ಚಲು ಉಪ್ಪಿನ ತಮ್ಮನನ್ನು ತಂದು ಕೂರಿಸುತ್ತಾರೆ. ಬಿಪಿ ಇದ್ದು ಕಿಡ್ನಿ ಗಟ್ಟಿ ಇರುವವರಿಗೆ ಅದು ಒಳ್ಳೆಯದೇ. ಡಯಾಲಿಸಿಸ್ ಮೇಲಿರುವವರಿಗೆ ಅದೇ ವಿಷಕ್ಕೆ ಸಮ.

ಬಸಿಗಾಲುವೆ ಕಟ್ಟಿದ ಹೊಲ

ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ತಗ್ಗಿನ ಹೊಲಗಳಿಗೆ ಏನಾಯಿತೆಂದು ಶಹಾಪುರ, ಸುರಪುರದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀರು ಬಂತು, ಭತ್ತ ಹಚ್ಚಿದ್ದೇ ಹಚ್ಚಿದ್ದು. ಬಸಿಗಾಲುವೆ ಇಲ್ಲದ ಕಡೆ ನೀರು ನಿಂತು, ಆರಿ, ನೆಲದ ಮೇಲೆ ಬೆಳ್ಳಗೆ ಸವಳು ಎದ್ದಿತು. ಕೃಷ್ಣೆಯ ನೀರಿನಲ್ಲಿ ದೋಷ ಇರಲಿಲ್ಲ. ಒಳಗೆ ಬಂದದ್ದು ಹೊರಗೆ ಹೋಗಲು ದಾರಿ ಇರಲಿಲ್ಲ, ಅಷ್ಟೇ.

ಕಿಡ್ನಿ ನಮ್ಮ ಮೈಯ ಬಸಿಗಾಲುವೆ. ಉಪ್ಪಿನ ಸೋಡಿಯಂ, ಸೊಪ್ಪು ಹಣ್ಣಿನ ಪೊಟ್ಯಾಸಿಯಂ, ಬೇಳೆ ಹಾಲಿನ ರಂಜಕ, ಈ ಮೂರೂ ಬೇಕಾದ ಲವಣಗಳೇ. ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮೂತ್ರದಲ್ಲಿ ಹೊರಹಾಕುವುದು ಕಿಡ್ನಿಯ ಕೆಲಸ. ಅದು ಸೋತಾಗ ಸೋಡಿಯಂ ನೀರು ಹಿಡಿದು ಕಾಲು ಬಾಯುತ್ತದೆ, ಬಿಪಿ ಏರುತ್ತದೆ, ದಮ್ಮು ಹತ್ತುತ್ತದೆ. ರಂಜಕ ನಿಧಾನಕ್ಕೆ ಎಲುಬು ಸವೆಸುತ್ತದೆ, ರಕ್ತನಾಳಗಳನ್ನು ಗಡುಸು ಮಾಡುತ್ತದೆ, ಮೈ ತುರಿಸುತ್ತದೆ. ಪೊಟ್ಯಾಸಿಯಂ ಮಾತ್ರ ಎಷ್ಟೋ ಸಲ ಸುಳಿವೇ ಕೊಡುವುದಿಲ್ಲ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕಾದದ್ದು 6.5 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಎರಡು ಡಯಾಲಿಸಿಸ್ ನಡುವಿನ ಬಿಡುವು ಉದ್ದವಾದಷ್ಟೂ ಈ ಅಪಾಯ ಹೆಚ್ಚು. ಭಾನುವಾರ ಮದುವೆಯೂಟ, ಸೋಮವಾರ ಬಸ್ಸು ತಪ್ಪಿ ಡಯಾಲಿಸಿಸ್ ತಪ್ಪಿತು, ಮಂಗಳವಾರ ಕಾಲು ಸೋತು ಬಿದ್ದರು ಎಂಬಂಥ ಕತೆಯ ಹಿಂದೆ ಹೆಚ್ಚಿನ ಸಲ ಇರುವುದು ಇದೇ.

ಸೂಪಿನ ವಿಷಯ ಇಲ್ಲಿಯೇ ಬರುತ್ತದೆ. ತರಕಾರಿ ಕುದಿಸಿದಾಗ ಅದರ ಪೊಟ್ಯಾಸಿಯಂ ಕರಗಿ ನೀರಿಗಿಳಿಯುತ್ತದೆ. ಪಲ್ಯ ಮಾಡುವಾಗ ಆ ನೀರನ್ನು ಬಸಿಯಬಹುದು. ಸೂಪು ಎಂದರೆ ಆ ನೀರೇ. ಚೆಲ್ಲಬೇಕಾದದ್ದನ್ನೇ ಬಟ್ಟಲಿಗೆ ಹಾಕಿ, ಮೇಲೆ ಉಪ್ಪು ಸೇರಿಸಿ ಕುಡಿಯುವುದು. ಬೆಂಗಳೂರಿನ ಮಕ್ಕಳ ಮನೆಯಲ್ಲಿ ಡಬ್ಬಿಯ ರಾಜ್ಮಾ, ಕಾಬೂಲಿ ಕಡಲೆ ಸಿಗುತ್ತದಲ್ಲ, ಅದರ ನೀರು ಚೆಲ್ಲಿ ನಲ್ಲಿ ಕೆಳಗೆ ತೊಳೆದರೆ ಸೋಡಿಯಂ ಸುಮಾರು ಶೇ 40ರಷ್ಟು ಇಳಿಯುತ್ತದೆ. ಸೂಪಿನ ಡಬ್ಬಿಯಲ್ಲಿ ಚೆಲ್ಲಲು ಏನಿದೆ?

ಡಬ್ಬಿ ಇಲ್ಲ, ಪೊಟ್ಟಣ ಉಂಟು

ಯಾದಗಿರಿ ಪೇಟೆಯಲ್ಲಿ ತಗಡಿನ ಸೂಪು ಹುಡುಕಿದರೂ ಸಿಗುವುದು ಕಷ್ಟ. ಸಿಗುವುದು ಸೂಪಿನ ಪುಡಿಯ ಪೊಟ್ಟಣ. ಶಹಾಪುರ ಬಸ್ ನಿಲ್ದಾಣದ ಸುತ್ತಲಿನ ಕಿರಾಣಿ ಅಂಗಡಿಗಳಲ್ಲೂ ನೂಡಲ್ಸ್ ಪಕ್ಕದಲ್ಲಿ ನೇತಾಡುತ್ತಿರುತ್ತದೆ. ಜ್ವರ ಬಂದವರಿಗೆ, ಬಾಯಿ ಕೆಟ್ಟವರಿಗೆ, ಆಸ್ಪತ್ರೆಯಿಂದ ಬಂದವರಿಗೆ 'ಹಗುರ ಆಹಾರ' ಎಂದು ಮನೆಯವರು ಇದನ್ನೇ ಮಾಡಿಕೊಡುತ್ತಾರೆ. ತಗಡಿಗೂ ಪೊಟ್ಟಣಕ್ಕೂ ಒಳಗುಟ್ಟು ಒಂದೇ. 1897ರಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯಲ್ಲಿ ಜಾನ್ ಡೊರೆನ್ಸ್ ಎಂಬ ರಸಾಯನಶಾಸ್ತ್ರಜ್ಞ ಸೂಪಿನಿಂದ ನೀರು ತೆಗೆದು ಡಬ್ಬಿ ಚಿಕ್ಕದು ಮಾಡುವ ಉಪಾಯ ಕಂಡುಕೊಂಡ. ಸಾಗಣೆ ಅಗ್ಗವಾಯಿತು, ಕಂಪನಿ ಬೆಳೆಯಿತು. ಪೊಟ್ಟಣದವರು ಇದ್ದ ಸ್ವಲ್ಪ ನೀರನ್ನೂ ತೆಗೆದರು. ನೀರು ಹೋಯಿತು, ಉಪ್ಪು ಉಳಿಯಿತು.

ಪೊಟ್ಟಣ ಓದುವುದು ಹೇಗೆ? ಮುಂಬದಿ ಬಿಡಿ. ಅಲ್ಲಿ ಟೊಮೆಟೊ ಚಿತ್ರ, ಹಬೆಯಾಡುವ ಬಟ್ಟಲು, 'ಶೇ 100 ನಿಜವಾದ ತರಕಾರಿ' ಎಂಬಂಥ ಮಾತು ಇರುತ್ತವೆ. ಹಿಂದಿನ ಪೋಷಕಾಂಶ ಪಟ್ಟಿಯಲ್ಲಿ ಕೊನೆಯ ಸಾಲುಗಳಲ್ಲಿ ಸೋಡಿಯಂ ಇರುತ್ತದೆ. ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಅದನ್ನು ಬರೆಯಲೇಬೇಕು. ಬರೆಯುವುದು ಎರಡು ರೀತಿ, 100 ಗ್ರಾಮಿಗೆ ಎಷ್ಟು ಮತ್ತು ಒಂದು ಸರ್ವಿಂಗ್ ದಿನದ ಮಿತಿಯ ಶೇಕಡಾ ಎಷ್ಟು. ಆ ದಿನದ ಮಿತಿ 2000 ಮಿಲಿಗ್ರಾಂ ಸೋಡಿಯಂ. ಅಂದರೆ 5 ಗ್ರಾಂ ಉಪ್ಪು, ಒಂದು ಚಹಾ ಚಮಚ, ತಲೆ ಸವರಿದ್ದು. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುವ ಮಿತಿ ಇದೇ, ಕಿಡ್ನಿ ತಜ್ಞರು ಹೇಳುವುದೂ ಇದೇ. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮಜ್ಜಿಗೆವರೆಗೆ ಎಲ್ಲವೂ ಅದರೊಳಗೇ ಮುಗಿಯಬೇಕು.

ಲೆಕ್ಕ ಬಿಡಿಸಿ ತೋರಿಸುತ್ತೇನೆ. ಪೊಟ್ಟಣದ ತೂಕ 44 ಗ್ರಾಂ, 100 ಗ್ರಾಮಿಗೆ 4000 ಮಿಲಿಗ್ರಾಂ ಸೋಡಿಯಂ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. 44ನ್ನು 4000ದಿಂದ ಗುಣಿಸಿ 100ರಿಂದ ಭಾಗಿಸಿದರೆ 1760. ಪೊಟ್ಟಣ ನಾಲ್ಕು ಜನಕ್ಕೆ ಎಂದು ಕಂಪನಿ ಹೇಳಿದರೆ ತಲಾ 440, ದಿನದ ಮಿತಿಯ ಶೇ 22. ಇದು ಕಾಗದದ ಲೆಕ್ಕ. ಮನೆಯಲ್ಲಿ ಆಗುವುದೇ ಬೇರೆ: ಅದೇ ಪೊಟ್ಟಣ ಇಬ್ಬರಿಗೆ ಆಗುತ್ತದೆ, ರೋಗಿಗೆ ದೊಡ್ಡ ಬಟ್ಟಲು ಬೀಳುತ್ತದೆ, "ಸ್ವಲ್ಪ ಸಪ್ಪಗದ" ಎಂದು ಮೇಲೆ ಚಿಟಿಕೆ ಉಪ್ಪು. ಸಾವಿರ ಮಿಲಿಗ್ರಾಂ ಅಲ್ಲೇ ಮುಗಿಯಿತು. ಅಮೆರಿಕದ ಮಾಮೂಲಿ ಡಬ್ಬಿ ಸೂಪಿನ ಒಂದು ಕಪ್ಪಿನಲ್ಲಿ 600ರಿಂದ 900 ಮಿಲಿಗ್ರಾಂ ಸೋಡಿಯಂ ಇರುವುದು ಸಾಮಾನ್ಯ.

ನೂಡಲ್ಸಿನ ಮಸಾಲೆ ಪೊಟ್ಟಣ, ಸೂಪಿನ ಘನ ತುಂಡು, ಸೋಯಾ ಸಾಸ್‌ಗಳಿಗೂ ಇದೇ ಲೆಕ್ಕ. ಅಜಿನೊಮೊಟೊ ಎಂದು ಹೆದರುವವರು ಬಹಳ. 621 ಎಂಬ ಅದರ ಸಂಖ್ಯೆ ಹುಡುಕಿ ಹುಡುಕಿ ನೋಡುತ್ತಾರೆ. ತೂಕಕ್ಕೆ ತೂಕ ನೋಡಿದರೆ ಅದರಲ್ಲಿರುವ ಸೋಡಿಯಂ ಉಪ್ಪಿನ ಮೂರನೇ ಒಂದು ಭಾಗ ಮಾತ್ರ. ಹೆದರಬೇಕಾದದ್ದು ಪಟ್ಟಿಯಲ್ಲಿ ಅದಕ್ಕಿಂತ ಮೊದಲು ಬರೆದಿರುವ 'ಅಯೋಡೀಕರಿಸಿದ ಉಪ್ಪು' ಎಂಬ ಸಾಧು ಹೆಸರಿಗೆ.

ಬರೆಯದ ಎರಡು ಸಾಲು

ಅಮೆರಿಕದ ಡಬ್ಬಿಯಲ್ಲಿ ಪೊಟ್ಯಾಸಿಯಂ ಎಷ್ಟೆಂದು ಬರೆದಿತ್ತು, ಓದಿ ತಿಳಿದುಕೊಂಡೆವು. ನಮ್ಮ ಪೊಟ್ಟಣದಲ್ಲಿ ಆ ಸಾಲು ಕಡ್ಡಾಯ ಅಲ್ಲ. ರಂಜಕದ ಸಾಲು ಅಲ್ಲೂ ಕಡ್ಡಾಯ ಅಲ್ಲ, ಇಲ್ಲೂ ಅಲ್ಲ. ಕಿಡ್ನಿ ಕಾಯಿಲೆಯವರಿಗೆ ಬೇಕಾದ ಮೂರು ಅಂಕಿಗಳಲ್ಲಿ ಎರಡು ಬರೆದೇ ಇರುವುದಿಲ್ಲ. ಆಗ ಸಾಮಗ್ರಿಗಳ ಪಟ್ಟಿಯೇ ದಿಕ್ಕು.

ಅಲ್ಲಿ ಹುಡುಕಬೇಕಾದದ್ದು ಹೆಸರು ಮತ್ತು ಸಂಖ್ಯೆ. 508 ಎಂದಿದ್ದರೆ ಪೊಟ್ಯಾಸಿಯಂ ಕ್ಲೋರೈಡ್. 338ರಿಂದ 343ರವರೆಗೆ, ಮತ್ತೆ 450, 451, 452 ಇದ್ದರೆ ಫಾಸ್ಫೇಟು, ಅಂದರೆ ರಂಜಕ. ಹೆಸರಿನಲ್ಲಿ 'ಫಾಸ್' ಎಂಬ ಅಕ್ಷರ ಕಂಡರೂ ಅದೇ. ಡಿಎಪಿ ಚೀಲದ ಮೇಲೆ 18:46:0 ನೋಡಿ ನಡುವಿನದು ರಂಜಕ ಎಂದು ಓದಬಲ್ಲ ರೈತನಿಗೆ ಈ ಸಂಖ್ಯೆಗಳು ಕಷ್ಟವಲ್ಲ. ಮಗ್ಗಿಗಿಂತ ಸುಲಭ.

ಟೊಮೆಟೊ ಸೂಪಿಗೆ ಇನ್ನೊಂದು ತೊಡಕಿದೆ. ಹಸಿ ಟೊಮೆಟೊ 100 ಗ್ರಾಮಿನಲ್ಲಿ ಸುಮಾರು 240 ಮಿಲಿಗ್ರಾಂ ಪೊಟ್ಯಾಸಿಯಂ ಇದ್ದರೆ, ನೀರು ಇಂಗಿಸಿ ಮಾಡಿದ ಪೇಸ್ಟಿನಲ್ಲಿ ಸಾವಿರ. ಯಾವ ಕಂಪನಿಯೂ ಏನನ್ನೂ ಬೆರೆಸಬೇಕಿಲ್ಲ, ಟೊಮೆಟೊನೇ ಸಾಕು. ಹಾಗಾಗಿ 'ಉಪ್ಪು ಹಾಕಿಲ್ಲ' ಎಂದು ಬರೆದಿರುವ ಟೊಮೆಟೊ ಪ್ಯೂರಿಯೂ ಕಿಡ್ನಿಯವರಿಗೆ ಸಲೀಸಲ್ಲ.

'ಲೋ ಸೋಡಿಯಂ ಉಪ್ಪು' ಎಂದು ಅಂಗಡಿಯಲ್ಲಿ ಮಾರುವ ಉಪ್ಪಿಗೂ ಇದೇ ಮಾತು, ಇನ್ನೂ ಜೋರಾಗಿ. ಅದರಲ್ಲಿ ತೆಗೆದ ಸೋಡಿಯಂನ ಜಾಗಕ್ಕೆ ತುಂಬುವುದು ಪೊಟ್ಯಾಸಿಯಂ ಕ್ಲೋರೈಡನ್ನೇ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪು ಬಳಸಿರೆಂದು ಸಲಹೆ ಕೊಟ್ಟಾಗಲೂ ಕಿಡ್ನಿ ತೊಂದರೆ ಇರುವವರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಹೊರಗಿಟ್ಟೇ ಕೊಟ್ಟಿತು. ಸೈಂದಲವಣದ ಕತೆ ಬೇರೆ: ಬಣ್ಣ ಗುಲಾಬಿ, ಬೆಲೆ ಹೆಚ್ಚು, ಒಳಗಿರುವುದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಅದನ್ನು ಧಾರಾಳವಾಗಿ ಹಾಕಿಕೊಂಡು "ಇದು ಉಪ್ಪಲ್ರಿ, ಸೈಂದಲವಣ" ಎನ್ನುವವರನ್ನು ಎಷ್ಟು ಸಲ ಕೇಳಿದ್ದೇನೋ.

ರೊಟ್ಟಿಗೆ ಉಪ್ಪಿಲ್ಲ

ಡಬ್ಬಿ, ಪೊಟ್ಟಣ ಬಿಟ್ಟರೆ ನಮ್ಮ ಕಡೆಯ ಊಟ ಹೇಗೆ? ಮೊದಲು ಒಳ್ಳೆಯ ಸುದ್ದಿ. ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವ ರೂಢಿ ಇಲ್ಲ. ಬಿಸಿನೀರು, ಹಿಟ್ಟು, ತಟ್ಟುವ ಕೈ, ಇಷ್ಟೇ. ಬ್ರೆಡ್ಡು ತಿನ್ನುವ ದೇಶದ ಕಿಡ್ನಿ ರೋಗಿಗೆ ಈ ಭಾಗ್ಯ ಇಲ್ಲ. ಅವರ ಬ್ರೆಡ್ಡಿನ ಹೋಳಿನಲ್ಲೇ ಉಪ್ಪಿದೆ. ಜೋಳದಲ್ಲಿ ರಂಜಕ ಇದೆ ಎಂದು ಕೆಲವರು ಹೆದರಿಸುತ್ತಾರೆ. ಇದೆ, 100 ಗ್ರಾಮಿಗೆ ಸುಮಾರು 290 ಮಿಲಿಗ್ರಾಂ, ಬಿಳಿ ಅಕ್ಕಿಗಿಂತ ಎರಡೂವರೆ ಪಟ್ಟು. ಆದರೆ ಕಾಳಿನ ರಂಜಕ ಫೈಟೇಟ್ ಎಂಬ ಗಂಟಿನಲ್ಲಿ ಕಟ್ಟಿಕೊಂಡಿರುತ್ತದೆ, ಆ ಗಂಟು ಬಿಚ್ಚುವ ಕಿಣ್ವ ನಮ್ಮ ಕರುಳಿನಲ್ಲಿ ಇಲ್ಲದಷ್ಟು ಕಡಿಮೆ. ಅರ್ಧಕ್ಕಿಂತ ಕಡಿಮೆಯೇ ರಕ್ತಕ್ಕೆ ಸೇರುತ್ತದೆ. ಪೊಟ್ಟಣದ ಫಾಸ್ಫೇಟು ಶೇ 90ರ ಆಸುಪಾಸು ಸೇರುತ್ತದೆ. ಹೀಗಾಗಿ ರೊಟ್ಟಿ ಬಿಡಿಸಿ ಬಿಸ್ಕತ್ತು, ಬ್ರೆಡ್ಡು, ಸೂಪು ಕೊಡುವುದು ನನ್ನ ಲೆಕ್ಕದಲ್ಲಿ ತಲೆಕೆಳಗಾದ ಪಥ್ಯ.

ಕೆಟ್ಟ ಸುದ್ದಿ ರೊಟ್ಟಿಯ ಪಕ್ಕದಲ್ಲಿದೆ. ಉಪ್ಪಿಲ್ಲದ ರೊಟ್ಟಿಗೆ ಜೊತೆಯಾಗುವುದು ಉಪ್ಪೇ ಪ್ರಧಾನವಾದ ಶೇಂಗಾ ಹಿಂಡಿ, ಉಪ್ಪಿನಕಾಯಿ, ಕರಿಂಡಿ, ಬಾಳಕದ ಮೆಣಸಿನಕಾಯಿ, ಹಪ್ಪಳ. ಶೇಂಗಾಕ್ಕೆ ಮೂರೂ ದೋಷ: 100 ಗ್ರಾಮಿಗೆ 700 ಮಿಲಿಗ್ರಾಂ ಪೊಟ್ಯಾಸಿಯಂ, 375ರಷ್ಟು ರಂಜಕ, ಹಿಂಡಿಯಾದರೆ ಮೇಲೆ ಉಪ್ಪು. ರೊಟ್ಟಿಗೆ ಬಳಿಯುವ ಒಂದು ಚಮಚಕ್ಕೆ ಯಾರೂ ಸಾಯುವುದಿಲ್ಲ. ಕಷ್ಟ ಏನೆಂದರೆ ನಮ್ಮ ಕಡೆ ಹಿಂಡಿಯನ್ನು ಯಾರೂ ಒಂದು ಚಮಚಕ್ಕೆ ನಿಲ್ಲಿಸುವುದಿಲ್ಲ. ಮಿರ್ಚಿ ಭಜಿಯ ಹಿಟ್ಟಿಗೆ ಹಾಕುವ ಸೋಡಾದಲ್ಲೂ ಸೋಡಿಯಂ ಇದೆ, ಗ್ರಾಮಿಗೆ 270 ಮಿಲಿಗ್ರಾಂಗೂ ಮೇಲೆ, ನಾಲಿಗೆಗೆ ಉಪ್ಪೆನಿಸದೆ ಒಳಗೆ ಹೋಗುತ್ತದೆ.

ಇನ್ನು ಬೇಳೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಪಕ್ಕದಲ್ಲೇ ತೊಗರಿ ಬೆಳೆಯುವ ನಮ್ಮ ಯಾದಗಿರಿ ಜಿಲ್ಲೆಯವರಿಗೆ ಬೇಳೆ ಬಿಡಿ ಎನ್ನುವುದು ಸುಲಭವಲ್ಲ, ಬಿಡಬೇಕಾಗಿಯೂ ಇಲ್ಲ. ಡಯಾಲಿಸಿಸ್ ಮೇಲಿರುವವರಿಗೆ ಪ್ರೋಟೀನು ಹೆಚ್ಚೇ ಬೇಕು, ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಮಿಗೂ ಮೇಲೆ. ಡಯಾಲಿಸಿಸ್ ಇನ್ನೂ ಶುರುವಾಗದವರಿಗೆ ಅದಕ್ಕಿಂತ ಕಡಿಮೆ. ಒಬ್ಬರ ಪಥ್ಯ ಇನ್ನೊಬ್ಬರಿಗೆ ಹೊಂದುವುದಿಲ್ಲ ಎನ್ನುವುದು ಇದಕ್ಕೇ. ಒಣ ತೊಗರಿಬೇಳೆ 100 ಗ್ರಾಮಿನಲ್ಲಿ ಸುಮಾರು 1400 ಮಿಲಿಗ್ರಾಂ ಪೊಟ್ಯಾಸಿಯಂ. ಇದನ್ನು ಇಳಿಸುವ ವಿದ್ಯೆ ನಮ್ಮ ಅಡುಗೆಮನೆಗೆ ಹೊಸದಲ್ಲ, ಹೋಳಿಗೆ ಮಾಡುವ ದಿನ ನೋಡಿ.

ಕಟ್ಟು ಎಲ್ಲಿಗೆ ಹೋಗುತ್ತದೆ?

ಹೋಳಿಗೆಯ ದಿನ ಬೇಳೆಯನ್ನು ಬಹಳ ನೀರಿನಲ್ಲಿ ಬೇಯಿಸಿ, ಕಾಳು ಹಿಸುಕಿದರೆ ಮೆತ್ತಗಾಗುವ ಹದಕ್ಕೆ ಇಳಿಸಿ, ನೀರು ಬಸಿಯುತ್ತೇವೆ. ಆ ನೀರು ಕಟ್ಟು. ಬೇಳೆಯ ಪೊಟ್ಯಾಸಿಯಂನ ದೊಡ್ಡ ಪಾಲು ಅದರಲ್ಲಿರುತ್ತದೆ. ನಾವು ಏನು ಮಾಡುತ್ತೇವೆ? ಹುಣಸೆಹಣ್ಣು, ಮಸಾಲೆ, ಬೆಲ್ಲ, ಉಪ್ಪು ಹಾಕಿ ಕಟ್ಟಿನ ಸಾರು ಮಾಡುತ್ತೇವೆ. ಬಸಿದ ಬೇಳೆ ಹೂರಣವಾಗುತ್ತದೆ. ಹಬ್ಬದೂಟದಲ್ಲಿ ಸಕ್ಕರೆ ಕಾಯಿಲೆಯ ಅಜ್ಜ ಹೋಳಿಗೆ ಬಿಟ್ಟು, "ನನಗ ಬರೇ ಸಾರು ಹಾಕು" ಎಂದು ಎರಡು ಬಟ್ಟಲು ಕಟ್ಟಿನ ಸಾರು ಕುಡಿಯುತ್ತಾನೆ. ಸಕ್ಕರೆಯಿಂದ ತಪ್ಪಿಸಿಕೊಂಡೆ ಎಂದುಕೊಂಡವನು ಪೊಟ್ಯಾಷಿಗೆ ಸಿಕ್ಕಿಬೀಳುತ್ತಾನೆ. ಕಟ್ಟಿನ ಸಾರು ನನಗೆ ಹೋಳಿಗೆಗಿಂತ ಇಷ್ಟ, ಹೇಳಲು ಸಂಕಟವೇ. ಆದರೂ ಕಿಡ್ನಿಯ ಮಟ್ಟಿಗೆ ಅದು ಅಮೆರಿಕದ ಡಬ್ಬಿಯ ಸ್ವಂತ ತಂಗಿ.

ಪುಂಡಿಪಲ್ಯದ ವಿಷಯದಲ್ಲಿ ನಮ್ಮ ಅವ್ವಂದಿರು ಸರಿಯಾಗಿಯೇ ಮಾಡುತ್ತಿದ್ದರು. ಸೊಪ್ಪು ಕುದಿಸಿ, ಹುಳಿನೀರು ಬಸಿದು ಹಿಂಡಿ ಚೆಲ್ಲಿ, ಆಮೇಲೆ ಜೋಳದ ನುಚ್ಚು, ಬೇಳೆ ಕೂಡಿಸುವುದು. ಅವರು ಚೆಲ್ಲುತ್ತಿದ್ದದ್ದು ಹುಳಿ ಕಡಿಮೆಯಾಗಲಿ ಎಂದು. ಜೊತೆಗೆ ಪೊಟ್ಯಾಸಿಯಂ ಕೂಡ ಹೋಗುತ್ತಿತ್ತು. ಕಿಡ್ನಿ ವಾರ್ಡಿನ ಆಹಾರತಜ್ಞೆ ಪಾಲಕ್, ಮೆಂತ್ಯೆ, ಆಲೂಗಡ್ಡೆಗೂ ಹೇಳುವುದು ಇದೇ ಕ್ರಮ. ಆಲೂಗಡ್ಡೆಯನ್ನು ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ ಧಾರಾಳ ನೀರಿನಲ್ಲಿ ಕುದಿಸಿ ಬಸಿದರೆ ಅರ್ಧಕ್ಕೂ ಹೆಚ್ಚು ಪೊಟ್ಯಾಸಿಯಂ ಹೊರಹೋಗುತ್ತದೆ. ಇಡಿಯಾಗಿ ಬೇಯಿಸಿದರೆ ಅಷ್ಟು ಹೋಗುವುದಿಲ್ಲ. ಕುಕ್ಕರಿನಲ್ಲಿ ಅರ್ಧ ಲೋಟ ನೀರಿಗೆ ಮೂರು ಸೀಟಿ ಹೊಡೆಸಿದರೆ ಹೋಗಲು ಜಾಗವೇ ಇಲ್ಲ. ಕುದಿಸಿ ಬಸಿಯುವುದರಲ್ಲಿ ಕೆಲವು ವಿಟಮಿನ್ನೂ ಹೋಗುತ್ತವೆ, ಅದಕ್ಕೆ ಡಾಕ್ಟರು ಗುಳಿಗೆ ಬರೆಯುತ್ತಾರೆ.

ಕಟ್ಟಿನ ಮಾತು ಬಂದಾಗ ಒಂದು ಅಪಾಯ ಹೇಳಲೇಬೇಕು. ನಮ್ಮ ಊರುಗಳಲ್ಲಿ 'ಕಿಡ್ನಿ' ಎಂದ ಕೂಡಲೇ ಕಿಡ್ನಿ ಹರಳು ಎಂದೇ ತಿಳಿಯುತ್ತಾರೆ. ಹುರಳಿ ಕಟ್ಟು ಕುಡೀರಿ, ಬಾಳೆದಿಂಡಿನ ರಸ ಕುಡೀರಿ, ಎಳನೀರು ಕುಡೀರಿ, ದಿನಾ ನಾಲ್ಕು ಲೀಟರ್ ನೀರು ಕುಡೀರಿ ಎಂದು ಬಂದವರೆಲ್ಲ ಹೇಳಿಹೋಗುತ್ತಾರೆ. ಹರಳಿಗೆ ಇವು ಎಷ್ಟು ಉಪಯೋಗವೋ ಬೇರೆ ಚರ್ಚೆ. ಕಿಡ್ನಿ ಸೋತವರಿಗೆ ಇವೇ ನಾಲ್ಕು ದೊಡ್ಡ ಶತ್ರುಗಳು. ಒಂದು ದೊಡ್ಡ ಲೋಟ ಎಳನೀರಿನಲ್ಲೇ 500 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಪ್ರೀತಿಯಿಂದ ತಂದ ಎಳನೀರನ್ನು ಬೇಡ ಎನ್ನುವುದು ಕಷ್ಟ. ಅನ್ನಬೇಕು.

ಹೀರೇಕಾಯಿ ಸೂಪು, ಇಬ್ಬರಿಗೆ

ಹಾಗಾದರೆ ಬಿಸಿಬಿಸಿ ಸೂಪು ಜನ್ಮಕ್ಕೆ ಬೇಡವೇ? ಬೇಕು, ಮನೆಯಲ್ಲಿ ಮಾಡಿ. ದೊಡ್ಡಪ್ಪನಿಗೆ ಈಗ ಮಾಡುವುದು ಹೀಗೆ. ಒಂದು ಎಳೆ ಹೀರೇಕಾಯಿ, ಸಿಪ್ಪೆ ತೆಗೆದು ಸಣ್ಣ ತುಂಡು, ಸುಮಾರು 150 ಗ್ರಾಂ. ಬೇಕಿದ್ದರೆ ಒಂದು ಹಿಡಿ ಎಲೆಕೋಸು. ಸೋರೆಕಾಯಿಯೂ ನಡೆಯುತ್ತದೆ. ದೊಡ್ಡ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಕುದಿಯಲು ಬಿಟ್ಟು ತರಕಾರಿ ಹಾಕಿ, ಹತ್ತು ನಿಮಿಷ ಮುಚ್ಚಳ ಹಾಕದೆ ಕುದಿಸಿ, ಬಸಿದು ನೀರು ಚೆಲ್ಲಿ. ಮನೆಯಲ್ಲಿ ಬೇರೆಯವರಿದ್ದರೆ ಆ ನೀರು ಅವರ ಸಾರಿಗೆ ಹೋಗಲಿ, ಹಾಳಾಗುವುದು ಬೇಡ. ಬೇರೆ ಪಾತ್ರೆಯಲ್ಲಿ ಒಂದು ಚಮಚ ಎಣ್ಣೆ, ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿದ್ದು, ಸಣ್ಣಗೆ ಹೆಚ್ಚಿದ ಅರ್ಧ ಉಳ್ಳಾಗಡ್ಡಿ ಕೆಂಪಾಗುವವರೆಗೆ ಹುರಿದು, ಬಸಿದ ತರಕಾರಿ ಹಾಕಿ, ಎರಡು ಬಟ್ಟಲಿಗಾಗುವಷ್ಟು ಹೊಸ ನೀರು ಹಾಕಿ. ದಪ್ಪ ಬೇಕೆಂದರೆ ಒಂದು ಚಮಚ ಜೋಳದ ನುಚ್ಚು. ಕಾಲು ಚಮಚಕ್ಕಿಂತ ಕಡಿಮೆ ಉಪ್ಪು, ಅದೂ ಕೊನೆಗೆ. ಇಳಿಸಿದ ಮೇಲೆ ಮೆಣಸಿನಪುಡಿ, ಅರ್ಧ ಚಮಚ ನಿಂಬೆರಸ. ಉಪ್ಪಿನ ಜಾಗ ತುಂಬುವ ಶಕ್ತಿ ನಿಂಬೆಗೂ ಹುರಿದ ಬೆಳ್ಳುಳ್ಳಿಗೂ ಇದೆ, ಪೊಟ್ಯಾಸಿಯಂ ಕ್ಲೋರೈಡ್ ಬೇಕಿಲ್ಲ.

ಮೊದಲ ವಾರ ದೊಡ್ಡಪ್ಪ ಮುಖ ಹಿಂಡಿದರು. ಮೂರನೇ ವಾರಕ್ಕೆ ಯಾರದೋ ಮನೆಯ ಸಾರು ಕುಡಿದು "ಏನ್ ಉಪ್ಪೋ, ಬಾಯಾಗ ಇಡಂಗಿಲ್ಲ" ಎಂದರು. ನಾಲಿಗೆಗೆ ಹೊಂದಿಕೊಳ್ಳಲು ಅಷ್ಟು ದಿನ ಬೇಕು.

ಸೂಪು ಕುಡಿದರೆ ಅದು ಆ ದಿನದ ನೀರಿನ ಲೆಕ್ಕಕ್ಕೂ ಸೇರಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಡಯಾಲಿಸಿಸ್ ಮೇಲಿರುವವರಿಗೆ ದಿನದ ಮೂತ್ರದ ಪ್ರಮಾಣಕ್ಕೆ ಅರ್ಧ ಲೀಟರ್ ಕೂಡಿಸಿ ನೀರಿನ ಮಿತಿ ಹೇಳುವುದು ವಾಡಿಕೆ. ಯಾದಗಿರಿಯ ಮೇ ತಿಂಗಳ ಬಿಸಿಲಿನಲ್ಲಿ ಈ ಮಿತಿಯಲ್ಲಿ ಬದುಕುವುದು ಎಂಥದ್ದೆಂದು ಬದುಕಿದವರೇ ಹೇಳಬೇಕು. ಉಪ್ಪು ತಿಂದಷ್ಟೂ ದಾಹ. ಮೂತ್ರ ನಿಂತವರ ಮೈಯಲ್ಲಿ 8 ಗ್ರಾಂ ಉಪ್ಪು ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ, ಅಂದರೆ ತಕ್ಕಡಿಯಲ್ಲಿ ಒಂದು ಕಿಲೋ. ಉಪ್ಪು ಹಾಕಿದ ಮಜ್ಜಿಗೆಯನ್ನು ತಂಪೆಂದು ಚೊಂಬುಗಟ್ಟಲೆ ಕುಡಿಯುವುದಕ್ಕಿಂತ ಸಣ್ಣ ಲೋಟದಲ್ಲಿ ಅಳೆದು, ಉಪ್ಪಿಲ್ಲದೆ ಕುಡಿಯುವುದು ಲೇಸು. ಬೇಸಿಗೆಯಲ್ಲಿ ವಾಂತಿಭೇದಿಯಾದರೆ ಓಆರ್‌ಎಸ್ ಕೂಡ ಡಾಕ್ಟರನ್ನು ಕೇಳಿಯೇ ಕೊಡಬೇಕು, ಅದರಲ್ಲೂ ಪೊಟ್ಯಾಸಿಯಂ ಇದೆ.

ನೀರು ಯಾವ ಬೋರಿನದು?

ಸೂಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ನೀರು. ನಮ್ಮ ಜಿಲ್ಲೆಯಲ್ಲಿ ಆ ನೀರೂ ಕೇಳಬೇಕಾದ ಪ್ರಶ್ನೆಯೇ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಮಂಗಳೂರು (ಕರಾವಳಿಯದಲ್ಲ) ಚಿನ್ನದ ಗಣಿಯ ಆಸುಪಾಸಿನ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದೂ ಜನರ ಚರ್ಮದ ಮೇಲೆ ಅದರ ಗುರುತು ಮೂಡಿದ್ದೂ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಜಿಲ್ಲೆಯ ಹಲವು ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡಿದೆ. ಫ್ಲೋರೈಡನ್ನು ಹೊರಹಾಕುವುದೂ ಕಿಡ್ನಿಯೇ, ಅದು ಸೋತಾಗ ಫ್ಲೋರೈಡ್ ಮೈಯಲ್ಲಿ ಇನ್ನೂ ಹೆಚ್ಚು ಉಳಿಯುತ್ತದೆ. ನೀರು ಕಾಯಿಸಿದರೆ ಕ್ರಿಮಿ ಸಾಯುತ್ತವೆ. ಆರ್ಸೆನಿಕ್, ಫ್ಲೋರೈಡ್ ಸಾಯುವುದಿಲ್ಲ. ಕುದಿದಷ್ಟೂ ನೀರು ಆವಿಯಾಗಿ ಅವು ಗಟ್ಟಿಯಾಗುತ್ತವೆ. ಶುದ್ಧ ನೀರಿನ ಘಟಕದ ಆರ್‌ಒ ನೀರು ಕುಡಿಯಲು ಮಾತ್ರವಲ್ಲ, ಅಡುಗೆಗೂ ಬೇಕು. ಕುಡಿಯಲು ಕ್ಯಾನಿನ ನೀರು, ಸಾರಿಗೆ ಬೋರಿನ ನೀರು ಎಂಬ ಪದ್ಧತಿ ಕಿಡ್ನಿ ರೋಗಿ ಇರುವ ಮನೆಯಲ್ಲಿ ಸಲ್ಲದು.

ಇಷ್ಟು ಓದಿ ಕ್ರಿಯಾಟಿನಿನ್ ಸ್ವಲ್ಪ ಏರಿದವರೆಲ್ಲ ಬಾಳೆಹಣ್ಣು, ಸೊಪ್ಪು, ಬೇಳೆ ಬಿಟ್ಟುಬಿಟ್ಟರೆ ಅದೂ ತಪ್ಪು. ಕಾಯಿಲೆ ಆರಂಭದ ಹಂತದಲ್ಲಿದ್ದು ರಕ್ತದ ಪೊಟ್ಯಾಸಿಯಂ ಸರಿಯಾಗಿರುವವರು ಹಣ್ಣು, ತರಕಾರಿ ಬಿಡಬೇಕಿಲ್ಲ. ಎಲ್ಲ ಹಂತದವರಿಗೂ ಅನ್ವಯಿಸುವುದು ಉಪ್ಪಿನ ಮಿತಿ ಒಂದೇ. ಪೊಟ್ಯಾಸಿಯಂ, ರಂಜಕ ರಕ್ತಪರೀಕ್ಷೆಯ ಅಂಕಿ ನೋಡಿ ಕಡಿಮೆ ಮಾಡುವಂಥವು. ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಗುಳಿಗೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಹಾಗೆಂದು ತಾವಾಗಿಯೇ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಬೇಕು. ರಂಜಕ ಹಿಡಿಯುವ ಗುಳಿಗೆಯನ್ನು ಊಟದ ಜೊತೆಗೇ ನುಂಗಬೇಕು, ಖಾಲಿ ಹೊಟ್ಟೆಗೆ ನುಂಗಿದರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನಾಕ್ ಉಳಿದ ಕಿಡ್ನಿಯನ್ನೂ ತಿನ್ನುತ್ತದೆ.

ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾದ ಮೇಲೆ ರಾಜ್ಯದ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಮಟ್ಟಕ್ಕೂ ಡಯಾಲಿಸಿಸ್ ಬಂದಿದೆ. ಮೊದಲಿನಂತೆ ಪ್ರತಿ ಸಲಕ್ಕೂ ಕಲಬುರಗಿ, ರಾಯಚೂರಿಗೆ ಓಡಬೇಕಾದ ಕಾಲ ಅಲ್ಲ. ಆದರೆ ಮಷಿನ್ ವಾರಕ್ಕೆ ಎಂಟು ಹನ್ನೆರಡು ತಾಸು ಮಾತ್ರ ಬಸಿಯುತ್ತದೆ, ಉಳಿದ ತಾಸುಗಳ ಕಾವಲು ಅಡುಗೆಮನೆಯದು. ಮುಂದಿನ ಸಲ ಡಯಾಲಿಸಿಸ್‌ಗೆ ಹೋಗುವಾಗ ಮನೆಯಲ್ಲಿ ಬಳಸುವ ಉಪ್ಪಿನ ಪೊಟ್ಟಣ, ಸೂಪಿನ ಪೊಟ್ಟಣ, ಬಿಸ್ಕತ್ತಿನ ಕಾಗದ, ಯಾರಾದರೂ ಪರದೇಶದಿಂದ ತಂದ ಡಬ್ಬಿ, ಎಲ್ಲವನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ಕೊನೆಯ ರಕ್ತಪರೀಕ್ಷೆಯ ಚೀಟಿಯೊಂದಿಗೆ ಅವನ್ನು ಡಾಕ್ಟರ ಮುಂದೆ ಮೇಜಿನ ಮೇಲೆ ಸಾಲಾಗಿ ಇಟ್ಟು, ಯಾವುದು ನಡೆಯುತ್ತದೆ, ಯಾವುದು ಬೇಡ ಎಂದು ಒಂದೊಂದಾಗಿ ಕೇಳಿ.